ಕಣದ ಹುಲ್ಲು ಯಾರ ಪಾಲು?

ರಾಗಿಯ ಕಾಳು ಮನೆಯನ್ನು ಸೇರಿದೊಡನೆ ಸುಗ್ಗಿಯ ಲೆಕ್ಕವು ಮುಗಿಯಿತೆಂದು ಪಟ್ಟಣದ ಗೃಹಸ್ಥರು ಭಾವಿಸುವುದು ಸಹಜವೇ. ಆದರೆ ಒಕ್ಕಲು ಮನೆಯಲ್ಲಿ ಅರ್ಧ ಲೆಕ್ಕವು ಅಲ್ಲಿಂದಲೇ ಆರಂಭವಾಗುವುದು. ಕಾಳಿಗೆ ಹಕ್ಕುದಾರರು ಮನೆಯ ಜನರು. ಹುಲ್ಲಿಗಾದರೋ ದನ, ಒಲೆ, ಹೊಲ, ಪೇಟೆ, ನೆರೆಮನೆ ಎಂದು ಐವರು. ಇವರೆಲ್ಲರ ಕೋರಿಕೆಯೂ ನ್ಯಾಯವಾದದ್ದೇ. ಇರುವ ಬಣವೆ ಮಾತ್ರ ಒಂದೇ.

ನಮ್ಮದು ತುಮಕೂರು ಸೀಮೆಯ ಬಯಲು ನಾಡು. ಮಳೆಯನ್ನೇ ನಂಬಿದ ಎರಡು ಎಕರೆ ಹೊಲ, ಎರಡು ಹಸು, ಒಂದು ಜೊತೆ ಎತ್ತು: ಇಷ್ಟೇ ನಮ್ಮ ಬದುಕು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬಿತ್ತುವ ನಮ್ಮ ಹಿರಿಯರ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಈ ಪದ್ಧತಿಯ ಜಾಣತನವು ಕಾಳಿನಲ್ಲಿರುವಷ್ಟೇ ಕಸದಲ್ಲಿಯೂ ಇರುವುದು. ರಾಗಿಯ ಹುಲ್ಲು ಎತ್ತಿಗೆ, ಅವರೆಯ ಹೊಟ್ಟು ಕರೆಯುವ ಹಸುವಿಗೆ, ತೊಗರಿಯ ಕಡ್ಡಿ ಒಲೆಗೂ ಬೇಲಿಗೂ, ದನ ಮುಟ್ಟದ ಹುಚ್ಚೆಳ್ಳಿನ ದಂಟು ತಿಪ್ಪೆಗೆ. ಒಣಗಿಸಿ ಚೆನ್ನಾಗಿ ಒಟ್ಟಿದ ರಾಗಿಯ ಹುಲ್ಲು ವರ್ಷಗಟ್ಟಲೆ ಕೆಡದೆ ನಿಲ್ಲುವುದಾದುದರಿಂದ, ಬಣವೆಯು ಬಡವನ ಬ್ಯಾಂಕೆಂದರೂ ಸಲ್ಲುವುದು.

ಹುಲ್ಲಿನ ಬೆಲೆಯನ್ನು ಒಕ್ಕಲಿಗನು ಎಂದೂ ಮರೆತವನಲ್ಲ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಗಿಡ್ಡ ಜಾತಿಯ ಸಂಕರ ಜೋಳವು ಹೊರಬಂದು, ಕಾಳಿನ ಇಳುವರಿಯಲ್ಲಿ ಹೆಸರು ಪಡೆಯಿತು. ಹಾಗಿದ್ದರೂ ವಿಜಾಪುರದ ಕಡೆಯ ರೈತರು ಹಿಂಗಾರಿನಲ್ಲಿ ಎತ್ತರವಾದ ಮಾಲದಂಡಿ ಜೋಳವನ್ನು ಕೈಬಿಡಲಿಲ್ಲ. ರೊಟ್ಟಿಯ ರುಚಿಯೊಡನೆ ದನಕ್ಕೆ ಬೇಕಾದ ಕಣಿಕೆಯೂ ಅವರಿಗೆ ಮುಖ್ಯವಾಗಿದ್ದಿತು.

ಇನ್ನು ಹೊಲದ ಹಕ್ಕು. ಒಂದು ಟನ್ನು ಬತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕವಿರುವುದು; ಪೊಟ್ಯಾಸಿಯಂ ಅದರ ಸುಮಾರು ಎರಡರಷ್ಟು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಯಂತ್ರದಿಂದ ಕಟಾವಾದ ಗದ್ದೆಗಳ ಹುಲ್ಲಿಗೆ ಬೆಂಕಿಯಿಡುವುದುಂಟು. ಆಗ ಪೊಟ್ಯಾಸಿಯಂ ಬಹುಮಟ್ಟಿಗೆ ಬೂದಿಯಲ್ಲಿ ಉಳಿದರೂ, ಸಾರಜನಕವು ಹೆಚ್ಚುಕಡಮೆ ಪೂರ್ತಿಯಾಗಿ ಹೊಗೆಯೊಡನೆ ಹೋಗುವುದು. ಹಾಗೆಂದು ಒಣಹುಲ್ಲನ್ನು ಹಸಿಯಾಗಿಯೇ ಮಣ್ಣಿಗೆ ಸೇರಿಸಿದರೂ ತೊಡಕುಂಟು: ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುವುವು. ಇಂದೂರಿನಲ್ಲಿ 1924ರಿಂದ 1931ರವರೆಗೆ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿಯು ಬೆಳೆಯ ಕಸವನ್ನು ಸಗಣಿ, ಗಂಜಲ ನೆನೆದ ಮಣ್ಣು, ಬೂದಿಗಳೊಡನೆ ಪದರಪದರವಾಗಿ ಒಟ್ಟಿ, ತಿರುವಿಹಾಕಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದುದು ಇದಕ್ಕಾಗಿಯೇ.

ಈ ಐದು ಹಕ್ಕುಗಳೂ ಒಮ್ಮೆಲೇ ನಮ್ಮ ಬಾಗಿಲಿಗೆ ಬಂದುದು 2023ರ ಬರಗಾಲದಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ವರ್ಷವದು. ನಮ್ಮ ರಾಗಿ ಮೊಣಕಾಲೆತ್ತರಕ್ಕೆ ನಿಂತಿತು. ಹಿಂದಿನ ವರ್ಷದ ಬಣವೆಯೊಂದು ಮುಟ್ಟದೆ ಇದ್ದುದೇ ಪುಣ್ಯ. ಸಂಕ್ರಾಂತಿಯ ಹೊತ್ತಿಗೆ ವ್ಯಾಪಾರಿಯೊಬ್ಬನು ಬಂದು, ಆ ಹಳೆಯ ಬಣವೆಯನ್ನು ಇಡಿಯಾಗಿ ಕೊಟ್ಟರೆ ಕೈಮೇಲೆ ಹಣವೆಣಿಸುವೆನೆಂದನು. ಮಗಳ ಕಾಲೇಜಿನ ಫೀಜು ಕಟ್ಟಬೇಕಾಗಿದ್ದಿತು. ಅದೇ ವಾರ ನೆರೆಮನೆಯಾಕೆ ನಮ್ಮ ತಾಯಿಯವರ ಬಳಿ ಬಂದು, “ಅಕ್ಕಾ, ಹಸು ಹಾಲು ಕೊಡುತ್ತಿದೆ, ಹುಲ್ಲು ತೀರಿತು. ದುಡ್ಡಿಲ್ಲ, ಬರುವ ಸುಗ್ಗಿಗೆ ಹುಲ್ಲನ್ನೇ ತಂದುಹಾಕುತ್ತೇನೆ” ಎಂದು ಕೇಳಿದಳು.

ಆ ರಾತ್ರಿ ನಾವು ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕಿದೆವು. ಒಂದು ಹೊರೆಯನ್ನು ತೂಗಿದರೆ 20 ಕಿಲೋ. ರಾಸೊಂದಕ್ಕೆ ದಿನಕ್ಕೆ 5 ಕಿಲೋ ಎಂದರೆ ನಾಲ್ಕಕ್ಕೂ ಕೂಡಿ ದಿನಕ್ಕೊಂದು ಹೊರೆ. ಜೂನ್ ಕೊನೆಗೆ ಹಸಿಮೇವು ಬರುವವರೆಗೆ 165 ಹೊರೆ ಬೇಕು. ಎರಡು ಬಣವೆಗಳಲ್ಲಿಯೂ ಸೇರಿ ಇದ್ದುದು ಸುಮಾರು 200. ತಾಯಿಯವರು, “ಬಣವೆ ಮಾರುವುದೆಂದರೆ ಕೊಟ್ಟಿಗೆಯನ್ನೇ ಮಾರಿದಂತೆ. ಎತ್ತು ಹೋದಮೇಲೆ ಮುಂಗಾರಿಗೆ ಯಾರ ಬಾಗಿಲು ಕಾಯುತ್ತೀರಿ?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ವ್ಯಾಪಾರಿಯನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಕಳುಹಿಸಿದೆವು. ನೆರೆಯಾಕೆಗೆ 20 ಹೊರೆ ಕೊಟ್ಟು, ಮಳೆ ತಡವಾದರೆ ಇರಲೆಂದು 15 ಹೊರೆ ಉಳಿಸಿಕೊಂಡೆವು. ಫೀಜನ್ನು ಹಾಲಿನ ಹಣದಿಂದ ಎರಡು ಕಂತಿನಲ್ಲಿ ಕಟ್ಟಿದುದಾಯಿತು. ಆ ಬೇಸಗೆಯಲ್ಲಿ ಮನೆಗೆ ಹೊಸಬಟ್ಟೆ ಬರಲಿಲ್ಲ. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಸುಗ್ಗಿಯಾದೊಡನೆ ಆಕೆಯು ತನ್ನ ಕಣದಿಂದ 20 ಹೊರೆಯನ್ನು ತಾನಾಗಿಯೇ ಕಳುಹಿಸಿದಳು.

ಆ ವರ್ಷ ಹೊಲಕ್ಕೆ ನೇರವಾಗಿ ಒಂದು ಹಿಡಿ ಹುಲ್ಲೂ ಸಿಕ್ಕಲಿಲ್ಲವೆಂಬುದು ನಿಜ. ಆದರೆ ದನದ ಪಾಲಿನೊಳಗೇ ಹೊಲದ ಪಾಲೂ ಅಡಗಿರುವುದನ್ನು ವಾಚಕರು ಗಮನಿಸಬೇಕು. ದನ ತಿಂದುಳಿದ ದಂಟನ್ನು ಕೊಟ್ಟಿಗೆಯಲ್ಲಿ ಹಾಸಿದರೆ ಅದು ಗಂಜಲವನ್ನು ಹೀರುವುದು. ಬೆಳಗ್ಗೆ ಅದನ್ನು ಸಗಣಿಯೊಡನೆ ಗುಂಡಿಗೆ ಹಾಕಿದರೆ ಗೊಬ್ಬರವಾಗಿ ಹೊಲಕ್ಕೆ ಮರಳುವುದು. ಸಗಣಿಯು ಬೆರಣಿಯಾಗಿ ಒಲೆಗೆ ಹೋದಾಗ ಮಾತ್ರ ಈ ಸರಪಳಿ ಕಡಿಯುವುದು. 2016ರಲ್ಲಿ ಉಜ್ವಲಾ ಯೋಜನೆ ಬಂದಮೇಲೆ ಬಡವರ ಅನೇಕ ಮನೆಗಳನ್ನು ಗ್ಯಾಸು ಸೇರಿತು. ಅದರಿಂದ ಗೃಹಿಣಿಯ ಕಣ್ಣಿಗೆ ಸುಖವಾದುದಲ್ಲದೆ, ಬೆರಣಿ ತಟ್ಟದೆ ಉಳಿದ ಮನೆಯಲ್ಲಿ ಹೊಲಕ್ಕೂ ಅದರ ಪಾಲು ಹೆಚ್ಚಿತು. ಆದರೆ ಸಿಲಿಂಡರಿನ ಹಣ ಹೊಂದದ ತಿಂಗಳಲ್ಲಿ ಕೈ ಮತ್ತೆ ಬೆರಣಿಯ ಕಡೆಗೇ ಹೋಗುವುದು.

ಆದಕಾರಣ ನಮ್ಮ ಮನೆಯಲ್ಲಿ ಈಗ ಸಂಕ್ರಾಂತಿಯ ಮಾರನೆಯ ದಿನ ಹೊರೆಗಳನ್ನು ಎಣಿಸಿ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವ ವಾಡಿಕೆಯಾಗಿದೆ. ಮೊದಲು ದನ, ದನದ ಮೂಲಕ ಹೊಲ, ಕಡ್ಡಿಯಾದುದು ಒಲೆಗೆ, ಮಿಕ್ಕರೆ ನೆರೆಗೆ, ಅದಕ್ಕೂ ಮಿಕ್ಕರೆ ಪೇಟೆಗೆ. ಬೆಂಕಿಯಿಡುವುದಕ್ಕೆಂದು ನಮ್ಮ ಹೊಲದಲ್ಲಿ ಏನೂ ಉಳಿಯುವುದಿಲ್ಲ.