ತೆಂಪಲ್‌ಹೋಫಿನ ಬಯಲಿನಲ್ಲಿ

ಬರ್ಲಿನ್ ನಗರದಲ್ಲಿ ನನ್ನ ಮಗಳ ಮನೆಯಲ್ಲಿದ್ದುಕೊಂಡು ಎರಡು ತಿಂಗಳ ಬೇಸಗೆಯನ್ನು ಕಳೆಯುವ ಯೋಗವು ನನಗೆ ಒದಗಿದ್ದಿತು. ಆ ನಗರದ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಕುರಿತು ವಾಚಕರು ಬೇರೆಡೆಗಳಲ್ಲಿ ಬೇಕಾದಷ್ಟು ಓದಿರಬಹುದು. ನಾನು ಹೇಳಹೊರಟಿರುವುದು ಒಂದು ಬಯಲಿನ ವಿಚಾರ. ಅಲ್ಲಿ ನನ್ನ ಕಾಲ ಕೆಳಗೆ ಸಿಕ್ಕಿ ಚಪ್ಪಟೆಯಾದ ಒಂದು ಖಾಲಿ ಡಬ್ಬಿಯ ವಿಚಾರ.

ಆ ಬಯಲಿನ ಹೆಸರು ತೆಂಪಲ್‌ಹೋಫ್. ಅದು ಹಿಂದೆ ವಿಮಾನ ನಿಲ್ದಾಣವಾಗಿದ್ದಿತು. 1948-49ರಲ್ಲಿ ಪಶ್ಚಿಮ ಬರ್ಲಿನ್ನಿಗೆ ಬರುವ ನೆಲದ ದಾರಿಗಳನ್ನು ಮುಚ್ಚಿದಾಗ, ಹಿಟ್ಟನ್ನೂ ಕಲ್ಲಿದ್ದಲನ್ನೂ ಹೊತ್ತ ವಿಮಾನಗಳು ಇಲ್ಲಿ ಬಂದಿಳಿದು ಆ ಜನರ ಪ್ರಾಣವನ್ನು ಉಳಿಸಿದುವು. 2008ರಲ್ಲಿ ನಿಲ್ದಾಣವನ್ನು ಮುಚ್ಚಿ, 2010ರಲ್ಲಿ ಬಯಲನ್ನು ಸಾರ್ವಜನಿಕರಿಗೆ ತೆರೆದರು. ವಿಮಾನಗಳು ಓಡುತ್ತಿದ್ದ ಹಾದಿಯಲ್ಲಿ ಈಗ ಮಕ್ಕಳು ಸೈಕಲ್ಲು ತುಳಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಹುಲ್ಲಿನ ಮೇಲೆ ಸಂಸಾರಗಳು ಬುತ್ತಿ ಬಿಚ್ಚಿಕೊಂಡು ಕುಳಿತಿರುತ್ತವೆ.

ಒಂದು ಭಾನುವಾರದ ಸಂಜೆ ನಾವೂ ಹಾಗೆಯೇ ಕುಳಿತಿದ್ದೆವು. ನಾನೂ ಮೊಮ್ಮಗನೂ ಅಲ್ಯೂಮಿನಿಯಂ ಡಬ್ಬಿಗಳಲ್ಲಿ ಬರುವ ನಿಂಬೆಯ ಪಾನಕವನ್ನು ಕುಡಿದೆವು. ಕುಡಿದಾದ ಮೇಲೆ, ಊರಿನ ಅಭ್ಯಾಸದಂತೆ, ನನ್ನ ಡಬ್ಬಿಯನ್ನು ಕಾಲಿನಿಂದ ಮೆಟ್ಟಿ ಚಪ್ಪಟೆ ಮಾಡಿದೆನು. "ಅಯ್ಯೋ ತಾತ! ಇಪ್ಪತ್ತೈದು ಸೆಂಟು ಹೋಯಿತು!" ಎಂದು ಹುಡುಗನು ಕೂಗಿದನು. ನನಗೆ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ನನ್ನ ವಯಸ್ಸಿನವರೇ ಆದ ಒಬ್ಬ ವೃದ್ಧರು ಬಂದರು. ಒಗೆದು ಶುಭ್ರವಾದ ಕೋಟು, ಕ್ಷೌರ ಮಾಡಿದ ಮುಖ, ಕೈಯಲ್ಲಿ ದೊಡ್ಡದೊಂದು ಚೀಲ. ತಲೆಬಾಗಿ ವಂದಿಸಿ ಡಬ್ಬಿಗಳ ಕಡೆಗೆ ಕೈ ತೋರಿದರು. ಹುಡುಗನು ಎರಡನ್ನೂ ಕೊಟ್ಟನು. ಅವರು ಅವನದನ್ನು ಚೀಲಕ್ಕೆ ಹಾಕಿಕೊಂಡು, ನನ್ನದನ್ನು ಮುಗುಳ್ನಗುತ್ತ ಹಿಂದಕ್ಕೆ ಕೊಟ್ಟು ಮುಂದೆ ನಡೆದರು.

ಮರುದಿನ ಅಂಗಡಿಯಲ್ಲಿ ನನಗೆ ಇದರ ಅರ್ಥವಾಯಿತು. ಆ ದೇಶದಲ್ಲಿ ಡಬ್ಬಿಯ ಪಾನೀಯವನ್ನು ಕೊಳ್ಳುವಾಗ ಬೆಲೆಯ ಜೊತೆಗೆ 25 ಸೆಂಟುಗಳ ಒತ್ತೆ ಹಣವನ್ನು ಕೊಡಬೇಕು. ಖಾಲಿ ಡಬ್ಬಿಯನ್ನು ಅಂಗಡಿಯಲ್ಲಿರುವ ಯಂತ್ರದ ಬಾಯಿಗೆ ಇಟ್ಟರೆ, ಅದು ಡಬ್ಬಿಯ ಮೇಲಿನ ಗುರುತನ್ನು ಓದಿ, ಚೀಟಿಯೊಂದನ್ನು ಕೊಡುತ್ತದೆ. ಚೀಟಿಯನ್ನು ತೋರಿಸಿದರೆ ಹಣ ಬರುತ್ತದೆ. ಗುರುತು ನಜ್ಜುಗುಜ್ಜಾದರೆ ಯಂತ್ರವು ಡಬ್ಬಿಯನ್ನು ಒಲ್ಲದು. ನಮ್ಮಲ್ಲಿ ಗುಜರಿಯವನು ತೂಕಕ್ಕೆ ಬೆಲೆ ಕಟ್ಟುವುದರಿಂದ ಮೆಟ್ಟಿದರೂ ನಷ್ಟವಿಲ್ಲ. ಅಲ್ಲಿ ರೂಪವೇ ಹಣ.

ಈ ಪದ್ಧತಿಯು 2003ನೆಯ ಇಸವಿಯ ಜನವರಿ 1ರಿಂದ ನಡೆದುಬಂದಿದೆ. ಮೊದಲಲ್ಲಿ ಗೊಂದಲವೇ ಗೊಂದಲ: ಒಂದು ಅಂಗಡಿಯ ಡಬ್ಬಿಯನ್ನು ಮತ್ತೊಂದು ಅಂಗಡಿ ಒಪ್ಪದು; ಅನೇಕ ವರ್ತಕರು ಡಬ್ಬಿಗಳನ್ನು ಮಾರುವುದನ್ನೇ ಬಿಟ್ಟರು. 2006ರ ಮೇ ತಿಂಗಳಿನಿಂದ, ಡಬ್ಬಿ ಮಾರುವ ದೊಡ್ಡ ಅಂಗಡಿಯು ಎಲ್ಲಿ ಕೊಂಡ ಡಬ್ಬಿಯನ್ನಾದರೂ ಹಿಂದಕ್ಕೆ ಪಡೆಯತಕ್ಕದ್ದೆಂಬ ನಿಯಮ ಬಂದ ಬಳಿಕ ಕಾರ್ಯವು ಸುಗಮವಾಯಿತು. ಈಗ ನೂರಕ್ಕೆ 95ಕ್ಕಿಂತಲೂ ಹೆಚ್ಚು ಡಬ್ಬಿಗಳು ಮರಳಿ ಬರುತ್ತವೆ. ಇದು ಅಲ್ಪ ಲಾಭವಲ್ಲ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ 95 ಪಾಲು ಉಳಿಯುತ್ತದೆ.

ಆದರೆ ಎಲ್ಲವೂ ನೆನೆದಂತೆಯೇ ಆಯಿತೆಂದು ಹೇಳಲಾರೆನು. ತೊಳೆದು ಮತ್ತೆ ಮತ್ತೆ ತುಂಬುವ ಗಾಜಿನ ಸೀಸೆಗಳನ್ನು ಉಳಿಸಬೇಕೆಂಬುದು ಆ ಕಟ್ಟಳೆಯ ಮೂಲೋದ್ದೇಶವಾಗಿದ್ದಿತು. ಅದು ಪೂರ್ತಿಯಾಗಿ ಕೈಗೂಡಲಿಲ್ಲ. ಇನ್ನು ಆ ವೃದ್ಧರು! ಬಯಲು ಅಷ್ಟು ನಿರ್ಮಲವಾಗಿರುವುದಕ್ಕೆ ಯಂತ್ರದಂತೆಯೇ ಅವರ ಬಾಗಿದ ಬೆನ್ನೂ ಕಾರಣ. ನಾನು ನಿವೃತ್ತಿವೇತನವನ್ನು ಉಣ್ಣುವವನು. ಸಮವಯಸ್ಕರೊಬ್ಬರು ಸಂಜೆಯ ಹೊತ್ತು ಡಬ್ಬಿ ಆಯುವುದನ್ನು ಕಂಡು ನನ್ನ ಕೈ ಜೇಬಿಗೆ ಹೋಗಿದ್ದಿತು. ಮಗಳು ಮೆಲ್ಲನೆ, "ಬೇಡ ಅಣ್ಣ, ಹಣ ಕೊಟ್ಟರೆ ಅವರು ನೊಂದುಕೊಂಡಾರು, ಡಬ್ಬಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ" ಎಂದಳು. ಅಲ್ಲಿಯ ಜನರಲ್ಲಿ ಅನೇಕರು ಖಾಲಿ ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆಯದೆ ಅದರ ಪಕ್ಕದಲ್ಲಿ ನಿಲ್ಲಿಸಿ ಹೋಗುವರು. ಹುಡುಕುವವರು ಹೊಲಸಿನಲ್ಲಿ ಕೈಯಿಡದಿರಲೆಂಬುದೇ ಅದರ ಆಶಯ.

ಮನುವು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು: ನಂಬಿ ಇಟ್ಟ ಒಡವೆಯನ್ನು ಇಟ್ಟ ರೀತಿಯಲ್ಲಿಯೇ ಮರಳಿಸತಕ್ಕದ್ದು. ವರ್ಷಗಟ್ಟಲೆ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನಾನು ಆ ಮಾತಿನ ಅರ್ಥವನ್ನು ಒಂದು ಪಾನಕದ ಡಬ್ಬಿಯಿಂದ ಕಲಿಯಬೇಕಾಯಿತು. ಭೂಮಿಯಿಂದ ತೆಗೆದ ಲೋಹವೂ ನಮ್ಮಲ್ಲಿ ಇಟ್ಟ ನಿಕ್ಷೇಪವೇ ಅಲ್ಲವೆ?

ನಮ್ಮೂರಿನಲ್ಲಿ ಅಂತಹ ಯಂತ್ರವಿಲ್ಲ. ಆದರೆ ಬೀದಿಯಲ್ಲಿ ಬೆಳಗಾಗುವ ಮುನ್ನವೇ ಚೀಲ ಹೊತ್ತು ಬರುವ ಹೆಂಗಸೊಬ್ಬಳು ಇದ್ದಾಳೆ. ಹಿಂದಿರುಗಿ ಬಂದಂದಿನಿಂದ ನಮ್ಮ ಮನೆಯ ಡಬ್ಬಿಗಳನ್ನು ಅನ್ನದ ಮುಸುರೆಯೊಡನೆ ಬೆರಸದೆ, ತೊಳೆದು, ಬೇರೆ ಚೀಲದಲ್ಲಿ ಕೂಡಿಟ್ಟು ಅವಳ ಕೈಗೇ ಕೊಡುತ್ತಿದ್ದೇವೆ. ಮೊದಲ ದಿನ ಅವಳು, "ಏನು ಸ್ವಾಮಿ, ತೊಳೆದಿದ್ದೀರಿ!" ಎಂದು ಆಶ್ಚರ್ಯಪಟ್ಟಳು. ಈ ಅರುವತ್ತು ವರ್ಷಗಳಲ್ಲಿ ಅದನ್ನು ನಾನು ಮಾಡಿರಲಿಲ್ಲವಲ್ಲಾ ಎಂದು ನನಗೆ ನಾಚಿಕೆಯಾಯಿತು.