ತುಂಬೆಯ ಪಾಲು

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಕಂಡವರು ಅಲ್ಲಿಯ ಬಣ್ಣಬಣ್ಣದ ಹೂಗಳನ್ನು ಕೊಂಡಾಡದೆ ಹಿಂದಿರುಗುವುದಿಲ್ಲ. ಅದೇ ಸೀಮೆಯ ಹೊಲದ ಬದುಗಳಲ್ಲಿ ಯಾರೂ ಬಿತ್ತದೆ, ಯಾರೂ ನೀರೆರೆಯದೆ ಅರಳುವ ಬಿಳಿಯ ತುಂಬೆಯ ಕಡೆಗೆ ದೃಷ್ಟಿ ಹರಿಯುವುದು ಅಪರೂಪ.

ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಕಾರ್ತಿಕ ಸೋಮವಾರಗಳಂದು ಪೂಜೆಗೆ ತುಂಬೆ ಹೂವನ್ನು ಬಿಡಿಸಿ ತರುವುದು ಕಿರಿಯರ ಕಾಯಕವಾಗಿತ್ತು. "ಗಿಡ ಕೀಳಬೇಡಿರಪ್ಪ, ಇದ್ದ ಹೂವನ್ನೆಲ್ಲ ಬಿಡಿಸಲೂ ಬೇಡಿರಿ. ಜೇನಿನ ಪಾಲು ಜೇನಿಗಿರಲಿ" ಎಂದು ಗುರುಗಳು ಎಚ್ಚರಿಸುತ್ತಿದ್ದರು. ಅದನ್ನು ನಾವು ದಯೆಯ ಮಾತೆಂದಷ್ಟೇ ತಿಳಿದಿದ್ದೆವು.

ತುಂಬೆಯು ತುಳಸಿಯ ಕುಟುಂಬಕ್ಕೆ ಸೇರಿದುದು. ಹೂವಿಗೆ ಎರಡು ತುಟಿಗಳು. ಅಗಲವಾದ ಕೆಳದುಟಿಯ ಮೇಲೆ ಜೇನ್ನೊಣ ಕುಳಿತು ಮಧುವಿಗೆ ಬಾಗಿದಾಗ, ಮೇಲ್ದುಟಿಯ ಮರೆಯಲ್ಲಿರುವ ಪರಾಗವು ಅದರ ಮೈಗೆ ಅಂಟುತ್ತದೆ. ಹೂವು ಉದುರಿದ ಬಳಿಕ ಒಂದೊಂದು ಪುಷ್ಪಪಾತ್ರೆಯಲ್ಲಿ 4 ಪುಟ್ಟ ಬೀಜಗಳು ಬಲಿಯುತ್ತವೆ. ಗಿಡದ ಆಯುಸ್ಸು ವರ್ಷದೊಳಗೇ ತೀರುವುದರಿಂದ ಮುಂದಿನ ಪೀಳಿಗೆಗೆ ಆ ಬೀಜಗಳೇ ಆಧಾರ.

ಇಷ್ಟನ್ನು ಬಲ್ಲ ನಾವೇ ತಪ್ಪಿದೆವು. ನಿವೃತ್ತರಾಗಿ ಪಾಂಡವಪುರ ತಾಲ್ಲೂಕಿನ ನಮ್ಮ ಊರಿಗೆ ಬಂದು ನೆಲೆಸಿದ ಮೇಲೆ, ಹಿತ್ತಲು ಅಚ್ಚುಕಟ್ಟಾಗಿರಲೆಂದು ಎರಡು ವರ್ಷ ಕಳೆನಾಶಕ ಹೊಡೆಸಿದೆವು. ಹಿತ್ತಲೇನೋ ಶುಭ್ರವಾಯಿತು. ಮೂರನೆಯ ಕಾರ್ತಿಕದಲ್ಲಿ ಮೊಮ್ಮಗಳಿಗೆ ಮಠದ ದಿನಗಳ ಕಥೆ ಹೇಳುತ್ತಿದ್ದಾಗ ಅವಳು, "ತಾತ, ತುಂಬೆ ಹೂ ಹೇಗಿರುತ್ತೆ? ತೋರಿಸಿ" ಎಂದಳು. ಹಿತ್ತಲೆಲ್ಲ ಹುಡುಕಿದರೂ ಒಂದು ಗಿಡವೂ ದೊರೆಯಲಿಲ್ಲ. ಆ ವರ್ಷ ನಮ್ಮ ಕುಂಬಳದ ಹೂಗಳೂ ಕಾಯಿಗಟ್ಟದೆ ಉದುರಿದವು. ಅದಕ್ಕೆ ಇದೇ ಕಾರಣವೆಂದು ಸಾಧಿಸಲಾರೆವು. ಜೇನ್ನೊಣಗಳ ಸುಳಿವು ಇರಲಿಲ್ಲವೆಂಬುದು ಮಾತ್ರ ನಿಜ. ಮಗುವಿನ ಮುಂದೆ ನಾವು ತಲೆತಗ್ಗಿಸಿದೆವು.

ನಾಗಮಂಗಲದ ಕಡೆ ನಮ್ಮ ಬಂಧುಗಳಿಗೆ ಮಳೆಯಾಶ್ರಯದ ರಾಗಿ ಹೊಲವಿದೆ. ಅದರ ಬದುವಿನಿಂದ ಒಣಗಿದ ತುಂಬೆಯ ಕುಚ್ಚುಗಳನ್ನು ತರಿಸಿ, ಮುಂಗಾರಿಗೆ ಮುನ್ನ ಹಿತ್ತಲಿನ ಬಿಸಿಲು ಬೀಳುವ ಮೂಲೆಯಲ್ಲಿ ಉದುರಿಸಿದೆವು. ಗೊಬ್ಬರ ಹಾಕಲಿಲ್ಲ, ಕಳೆನಾಶಕವನ್ನು ಮತ್ತೆ ಮನೆಗೆ ತರಲಿಲ್ಲ. ಶ್ರಾವಣದ ವೇಳೆಗೆ ಮೊಣಕಾಲೆತ್ತರದ ಗಿಡಗಳು ಹೂವಾಡಿದವು. ಜೇನು, ಪಾತರಗಿತ್ತಿಗಳೂ ಬಂದವು.

ಕಳೆದ ಕಾರ್ತಿಕದಲ್ಲಿ ಮೊಮ್ಮಗಳು ತಂದ ಹೂವನ್ನು ಇಷ್ಟಲಿಂಗಕ್ಕೆ ಅರ್ಪಿಸಿದೆವು. ಬೊಗಸೆ ತುಂಬಿರಲಿಲ್ಲ. ಏಕೆಂದು ಕೇಳಲು, "ಉಳಿದದ್ದು ಜೇನಿಗೆ, ತಾತ" ಎಂದಳು. ಗುರುಗಳ ಮಾತನ್ನು ನಾವು ಅವಳಿಗೆ ಹೇಳಿದ್ದುದು ಒಮ್ಮೆ ಮಾತ್ರ. ನಾವು ಅದನ್ನು ಎಷ್ಟೋ ಸಲ ಕೇಳಿದ್ದೆವು.