ಓದಿ ತಿಳಿಸಲಾಗಿದೆ

ಕರಾರುಪತ್ರದ ಆರನೆಯ ಪುಟದ ಕೊನೆಯಲ್ಲಿ, ಸಹಿಗೆಂದು ಬಿಟ್ಟ ಗೆರೆಯ ಮೇಲ್ಗಡೆ, ಒಂದು ವಾಕ್ಯ ಅಚ್ಚಾಗಿತ್ತು: ‘ಸದರ ಕರಾರನಾಮಾ ಉಭಯ ಪಕ್ಷಕಾರಾಂನಾ ವಾಚೂನ ದಾಖವಿಲಾ ವ ಸಮಜಾವೂನ ಸಾಂಗಿತಲಾ.’ ಈ ಪತ್ರವನ್ನು ಎರಡೂ ಪಕ್ಷದವರಿಗೆ ಓದಿ ತೋರಿಸಲಾಗಿದೆ, ತಿಳಿಯುವಂತೆ ಹೇಳಲಾಗಿದೆ ಎಂದು ಅದರ ಅರ್ಥ. ದಲಾಲನು ಅದನ್ನು ತಂದುಕೊಟ್ಟ ದಿನ ಯಾರೂ ಯಾರಿಗೂ ಏನನ್ನೂ ಓದಿ ತೋರಿಸಿರಲಿಲ್ಲ. ನಾಡಿದ್ದು ಹೆಬ್ಬೆರಳು ಕೊಡಲು ಬರಬೇಕು, ಭಾನುವಾರ ಸಾಮಾನು ಸಾಗಿಸಬಹುದು ಎಂದಷ್ಟೇ ಹೇಳಿ ಅವನು ಹೊರಟುಹೋಗಿದ್ದ.

ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಿಂದ ಸೊಲ್ಲಾಪುರಕ್ಕೆ ಬಂದು ನೆಲೆಸಿದ ಕುಟುಂಬ ಅದು. ತಂದೆ ಲಾರಿ ಚಾಲಕ; ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕಾಲಿಟ್ಟಿದ್ದಳು, ಮಗ ಐದನೆಯದಕ್ಕೆ. ಹೊಸ ಫ್ಲ್ಯಾಟನ್ನು ಆರಿಸಿದ ಕಾರಣವೂ ಅದೇ: ಅಲ್ಲಿಂದ ಶಾಲೆಗೆ ಮಕ್ಕಳು ನಡೆದು ಹೋಗಬಹುದಾಗಿತ್ತು. ಗಡಿಯಾಚೆಯ ಊರುಗಳಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಮರಾಠಿ ಶಾಲೆ ಪ್ರತಿ ಓಣಿಗೊಂದು ಇರುತ್ತದೆ. ಕನ್ನಡ ಶಾಲೆ ಇರುವಲ್ಲಿಗೆ ಮನೆಯೇ ಹೋಗಬೇಕಾಗುತ್ತದೆ.

ತಂದೆ ಊರಲ್ಲಿಲ್ಲದ ಕಾರಣ ಕರಾರು ತಾಯಿಯ ಹೆಸರಿನಲ್ಲಿ ಆಗಬೇಕಿತ್ತು. ಆಕೆ ಏಳನೆಯವರೆಗೆ ಕನ್ನಡ ಓದಿದವಳು. ಪೇಟೆಯ ಮರಾಠಿಯನ್ನು ನಿರರ್ಗಳವಾಗಿ ಮಾತಾಡುತ್ತಾಳೆ. ಕಾಯ್ದೆಯ ಮರಾಠಿಯನ್ನು ಓದಲಾರಳು. ಇಂಥವರ ಸ್ಥಿತಿ ಕಾನೂನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ನಿರಕ್ಷರಿಯಾದ ಹೆಂಗಸು ಹೆಬ್ಬೆಟ್ಟು ಒತ್ತಿದ್ದರೆ, ಆಕೆಗೆ ಪತ್ರದ ತಾತ್ಪರ್ಯ ತಿಳಿದಿತ್ತೇ ಎಂದು ನ್ಯಾಯಾಲಯಗಳು ಎಚ್ಚರದಿಂದ ಕೇಳುತ್ತವೆ. ಅಚ್ಚುಕಟ್ಟಾಗಿ ಸಹಿ ಹಾಕಿದವಳು ‘ನಾನು ಓದಿರಲಿಲ್ಲ’ ಎಂದರೆ ಆ ಮಾತಿಗೆ ಬೆಲೆ ಬರುವುದು ಕಷ್ಟ. ಆಕೆ ಓದುಬಲ್ಲಳು, ಆದರೆ ಆ ಭಾಷೆಯನ್ನಲ್ಲ ಎಂಬ ಸೂಕ್ಷ್ಮವನ್ನು ಸಹಿಯ ಗೆರೆ ತೋರಿಸುವುದಿಲ್ಲ.

ಓದದೆ ಸಹಿ ಮಾಡುವ ಮನಸ್ಸು ಈ ಸಲ ತಾಯಿಗೆ ಇರಲಿಲ್ಲ. ಹಿಂದಿನ ಖೋಲಿಯನ್ನು ಬಾಯಿಮಾತಿನ ಮೇಲೆ ಹಿಡಿದಿದ್ದರು. ಅನಾಮತ್ತು ಎಂದು ಕೊಟ್ಟದ್ದು 15,000 ರೂಪಾಯಿ. ಬಿಡುವಾಗ ಕೈಗೆ ಬಂದದ್ದು 6,500. ಬಣ್ಣಕ್ಕೆ ಇಷ್ಟು, ನಲ್ಲಿಗೆ ಇಷ್ಟು ಎಂದು ಆ ಮಾಲೀಕ ಬೆರಳು ಮಡಚಿ ಎಣಿಸಿದ್ದ. ತೋರಿಸಲು ಒಂದು ಚೀಟಿಯೂ ಇವರ ಬಳಿ ಇರಲಿಲ್ಲ; ನಿಜ ಹೇಳಬೇಕೆಂದರೆ ಅವನ ಬಳಿಯೂ ಇರಲಿಲ್ಲ, ಆದರೆ ಹಣ ಅವನಲ್ಲಿತ್ತು.

ಹೀಗಾಗಿ ಆ ರಾತ್ರಿ ಊಟ ಮುಗಿದ ಮೇಲೆ ಹೊಲಿಗೆ ಯಂತ್ರದ ಮೇಲಿನ ಬಟ್ಟೆಗಳನ್ನು ಸರಿಸಿ ಪತ್ರವನ್ನು ಹರಡಿದರು. ಮಗಳು ಮರಾಠಿಯ ಒಂದು ವಾಕ್ಯವನ್ನು ಗಟ್ಟಿಯಾಗಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು, ತಾಯಿ ತಲೆಯಾಡಿಸಿದರೆ ಮುಂದಕ್ಕೆ ಹೋಗುವುದು ಎಂದು ಗೊತ್ತಾಯಿತು. ತಾಯಿ ತಲೆಯಾಡಿಸದ ಕಡೆ ಪೆನ್ಸಿಲ್ ಗುರುತು ಹಾಕುವ ಕೆಲಸ ಮಗನದು.

ಮೊದಲಿಗೆ ಕೆಲಸ ಭಯಪಟ್ಟಷ್ಟು ಕಷ್ಟವೆನಿಸಲಿಲ್ಲ. ಕರಾರು, ಮುದತ್ತು, ಅನಾಮತ್ತು, ವಸೂಲಿ, ಜಪ್ತಿ, ನುಕಸಾನು: ಇವೆಲ್ಲ ತಾಯಿಗೆ ಹುಟ್ಟಿನಿಂದ ಗೊತ್ತಿದ್ದ ಶಬ್ದಗಳು. ಹಳೆಯ ಆಡಳಿತಗಳ ಕಾಲದಲ್ಲಿ ಪಾರಸಿ, ಅರಬ್ಬಿಗಳಿಂದ ಬಂದು ಕನ್ನಡದಲ್ಲೂ ಮರಾಠಿಯಲ್ಲೂ ಸಮನಾಗಿ ಬೇರುಬಿಟ್ಟ ಇಂಥ ಮಾತುಗಳಿಗೆ 1956ರ ಗಡಿರೇಖೆಯ ಪರಿವೆ ಇಲ್ಲ. ತೊಡಕಾದದ್ದು ಬಹಳ ಸರಳವಾದ ಒಂದು ಶಬ್ದದಲ್ಲಿ.

‘ಇಷ್ಟು ಹೊತ್ತು ಓದಿದಿ, ಬಾಡಿಗಿ ಅನ್ನೋ ಮಾತು ಎಲ್ಲೂ ಬರಲಿಲ್ಲಲ್ಲ?’ ಎಂದಳು ತಾಯಿ. ಮಗಳು ಮತ್ತೆ ಮೊದಲಿನಿಂದ ಹುಡುಕಿದಳು. ಎಲ್ಲಿಯೂ ಇರಲಿಲ್ಲ. ಪತ್ರದ ಹೆಸರು ‘ಲೀವ್ ಆ್ಯಂಡ್ ಲೈಸೆನ್ಸ್’. ಬಾಡಿಗೆದಾರ ಎನ್ನಬೇಕಾದ ಕಡೆಯೆಲ್ಲ ಪರವಾನಿಗೆದಾರ. ಬಾಡಿಗೆ ಎನ್ನಬೇಕಾದ ಕಡೆ ಪರವಾನಿಗೆ ಶುಲ್ಕ. ‘ಅಂದ್ರ ಇದು ಬಾಡಿಗಿ ಅಲ್ಲ, ಇರಾಕ ಪರವಾನಿಗಿ ಅಷ್ಟೇ’ ಎಂದು ತಾಯಿ ತಾನೇ ತೀರ್ಮಾನಿಸಿದಳು. ಕಾನೂನಿನ ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಂಠಪಾಠ ಮಾಡುವ ಭೇದವನ್ನು ಆಕೆ ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದಳು.

ಭೇದ ಸಣ್ಣದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಬಾಡಿಗೆಯೆಂದರೆ ಆ ಜಾಗವನ್ನು ಅನುಭವಿಸುವ ಹಕ್ಕು ಒಂದು ಕಾಲದವರೆಗೆ ಕೈಬದಲಾದಂತೆ. ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಎಂದರೆ ಬರಿಯ ಅನುಮತಿ. ಜಾಗದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಹೆಸರು ಏನೇ ಇರಲಿ, ಒಳಗಿನ ತಿರುಳನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1959ರಷ್ಟು ಹಿಂದೆಯೇ ಹೇಳಿದೆ. ಮಹಾರಾಷ್ಟ್ರದಲ್ಲಿ ಮಾತ್ರ ವಾಸದ ಮನೆಯ ಪರವಾನಿಗೆಯ ಬಗ್ಗೆ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೆಯ ಕಲಮು ಖಡಾಖಂಡಿತವಾಗಿದೆ. ಬರಹದಲ್ಲಿರುವ ಪರವಾನಿಗೆ ಕರಾರು ತಾನು ಹೇಳುವ ಸಂಗತಿಗೆ ತಾನೇ ನಿರ್ಣಾಯಕ ಸಾಕ್ಷ್ಯ. ಮುದತ್ತು ಮುಗಿದ ಮೇಲೂ ಮನೆ ಬಿಡದಿದ್ದರೆ ಸಕ್ಷಮ ಪ್ರಾಧಿಕಾರಿಯ ಆದೇಶದಿಂದ ಬಿಡಿಸಬಹುದು, ಅಲ್ಲಿಯವರೆಗೆ ಶುಲ್ಕದ ಇಮ್ಮಡಿ ಪರಿಹಾರ ಕೊಡಬೇಕು. ಈ ಮನೆಗೆ ತಿಂಗಳಿಗೆ 8,500, ಇಮ್ಮಡಿಯೆಂದರೆ 17,000. ‘ನಮ್ಮ ಮಾಲೀಕರು ಒಳ್ಳೆಯವರು, ಹಾಗೆ ಬರೆದಿರುತ್ತಾರೆ ಅಷ್ಟೆ’ ಎಂಬ ದಲಾಲನ ಸಮಾಧಾನಕ್ಕೆ ಈ ಕಲಮಿನ ಎದುರು ಎಷ್ಟು ತೂಕ?

ಮಗನ ಪೆನ್ಸಿಲ್ ಅತಿ ದಪ್ಪವಾಗಿ ಗೆರೆ ಎಳೆದದ್ದು ಒಂಬತ್ತನೆಯ ಷರತ್ತಿನ ಪಕ್ಕದಲ್ಲಿ. ಮುದತ್ತು ಜೂನ್ 1ರಿಂದ 11 ತಿಂಗಳು. ಪರವಾನಿಗೆದಾರಳು ಮೊದಲ ಆರು ತಿಂಗಳು ಮನೆ ಬಿಡುವಂತಿಲ್ಲ. ಬಿಟ್ಟರೆ ಉಳಿದ ತಿಂಗಳುಗಳ ಶುಲ್ಕ ಅನಾಮತ್ತಿನಿಂದ ವಜಾ. ಮಾಲೀಕರು ಮಾತ್ರ ಯಾವಾಗ ಬೇಕಾದರೂ, ಕಾರಣ ಕೊಡದೆ, ಒಂದು ತಿಂಗಳ ನೋಟೀಸಿನಿಂದ ಕರಾರನ್ನು ಮುಗಿಸಬಹುದು. ಮಗಳು ಇದನ್ನು ಕನ್ನಡಕ್ಕೆ ತರುವಾಗ ಎರಡು ಸಲ ತಡವರಿಸಿದಳು. ಮರಾಠಿ ಅರ್ಥವಾಗದೆ ಅಲ್ಲ. ‘ಜನವರಿಯಾಗ ನೋಟೀಸು ಕೊಟ್ರ?’ ಎಂದು ತಾಯಿ ಕೇಳಿದಳು. ಜನವರಿಯಲ್ಲಿ ಕೊಟ್ಟರೆ ಫೆಬ್ರುವರಿಯಲ್ಲಿ ಮನೆ ಖಾಲಿ ಮಾಡಬೇಕು, ಮಾರ್ಚಿನಲ್ಲಿ ಹತ್ತನೆಯ ಪರೀಕ್ಷೆ. ಹನ್ನೊಂದು ತಿಂಗಳ ಮನೆ ಎಂದು ಮೂವರೂ ತಿಳಿದಿದ್ದದ್ದು ವಾಸ್ತವವಾಗಿ ಒಂದು ತಿಂಗಳ ಮನೆಯಾಗಿತ್ತು. ಸ್ವಲ್ಪ ಹೊತ್ತು ಯಾರೂ ಮುಂದೆ ಓದಲಿಲ್ಲ.

ಅನಾಮತ್ತಿನ ಷರತ್ತು ಹಿಂದಿನ ಗಾಯವನ್ನು ಕೆದಕಿತು. 40,000 ರೂಪಾಯಿ, ಬಡ್ಡಿಯಿಲ್ಲದೆ. ಮನೆಗೆ ಆದ ನುಕಸಾನು ಮತ್ತು ಬಣ್ಣದ ಖರ್ಚನ್ನು ಕಳೆದು ಮಿಕ್ಕದ್ದನ್ನು ಹಿಂದಿರುಗಿಸಲಾಗುವುದು. ಯಾವಾಗ ಎಂದಿಲ್ಲ. ನುಕಸಾನು ಎಂದರೇನು ಎಂದೂ ಇಲ್ಲ. ಮರಾಠಿ ಕರಾರುಗಳಲ್ಲಿ ಸಾಮಾನ್ಯವಾಗಿ ‘ನೈಸರ್ಗಿಕ ಝೀಜ್ ವಗಳೂನ’ ಎಂದು ಸೇರಿಸಿರುತ್ತಾರೆ. ಸಹಜವಾದ ಸವೆತವನ್ನು ಬಿಟ್ಟು ಎಂದರ್ಥ. ಬಾಡಿಗೆದಾರನಿಗಾದರೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮೇ ಆ ರಕ್ಷಣೆ ಕೊಡುತ್ತದೆ. ಪರವಾನಿಗೆದಾರನಿಗೆ ಅದು ತಾನಾಗಿ ಬರುವುದಿಲ್ಲ, ಬರೆಸಿಕೊಳ್ಳಬೇಕು. ಕಾಲು ಇಟ್ಟಲ್ಲಿ ನೆಲ ಸವೆಯುವುದು, ಬಿಸಿಲು ಬಿದ್ದಲ್ಲಿ ಬಣ್ಣ ಮಾಸುವುದು ಯಾರ ತಪ್ಪೂ ಅಲ್ಲ. ಆದರೆ ಆ ಮೂರು ಶಬ್ದಗಳಿಲ್ಲದ ಪತ್ರದಲ್ಲಿ ಅವೂ ಲೆಕ್ಕಕ್ಕೆ ಸಿಗುತ್ತವೆ.

ಮನೆಗೆ ಯಾರು ಬರಬಹುದು, ಮೊಳೆ ಎಲ್ಲಿ ಹೊಡೆಯಬಹುದು, ಸೊಸೈಟಿಯ ಶುಲ್ಕ ಯಾರದು ಎಂಬ ಪುಟಗಳನ್ನು ಬೇಗ ದಾಟಿದರು. ಹೊಲಿಗೆ ಯಂತ್ರ ‘ವ್ಯಾಪಾರಿ ಉಪಯೋಗ’ಕ್ಕೆ ಸೇರುತ್ತದೆಯೋ ಎಂಬ ಒಂದು ಅನುಮಾನಕ್ಕೆ ಮಾತ್ರ ಗುರುತು ಬಿತ್ತು.

ಮರುದಿನ ಈ ತಕರಾರುಗಳನ್ನು ಕೇಳಿ ದಲಾಲ ಬೇಸರಪಟ್ಟುಕೊಂಡ. ಇಷ್ಟೆಲ್ಲ ತೊಂದರೆ ಯಾಕೆ, ಹನ್ನೊಂದು ತಿಂಗಳ ಕರಾರಿಗೆ ನೋಂದಣಿಯೇ ಬೇಕಿಲ್ಲ, ಸ್ಟ್ಯಾಂಪ್ ಕಾಗದದ ಮೇಲೆ ನೋಟರಿ ಮಾಡಿ ಮುಗಿಸೋಣ ಎಂದ. ಈ ನಂಬಿಕೆ ಎಷ್ಟು ಹರಡಿದೆಯೆಂದರೆ ಓದಿದವರೂ ಇದನ್ನೇ ಹೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆಪತ್ರಕ್ಕೆ 1908ರ ನೋಂದಣಿ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದ್ದರಿಂದ ಹನ್ನೊಂದು ತಿಂಗಳ ರೂಢಿ ದೇಶದಲ್ಲೆಲ್ಲ ಬೆಳೆಯಿತು. ಮಹಾರಾಷ್ಟ್ರದಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಆ ಕಿಂಡಿಯನ್ನು ಮುಚ್ಚಿದೆ: ಮುದತ್ತು ಎಷ್ಟೇ ಇರಲಿ, ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ತಪ್ಪಿದರೆ ಅವನಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕರಾರಿನ ಷರತ್ತುಗಳ ಬಗ್ಗೆ ತಕರಾರು ಬಂದಾಗ, ಬೇರೆ ರೀತಿ ಸಿದ್ಧವಾಗದ ಹೊರತು ಮನೆಯಲ್ಲಿರುವವನ ಮಾತೇ ನಿಲ್ಲುತ್ತದೆ. ಹಾಗಾದರೆ ನೋಂದಣಿಯಿಲ್ಲದಿರುವುದೇ ಲಾಭವಲ್ಲವೇ ಎಂದು ಕೇಳುವ ಜಾಣರಿದ್ದಾರೆ. ವಿಳಾಸದ ಪುರಾವೆ ಕೇಳುವ ಕಚೇರಿಗಳ ಮುಂದೆ ಬರಿಗೈಯಲ್ಲಿ ನಿಂತವರು ಹಾಗೆ ಕೇಳುವುದಿಲ್ಲ. ಮುದ್ರಾಂಕ ಶುಲ್ಕವಾದರೂ ಒಟ್ಟು ಶುಲ್ಕ, ಅನಾಮತ್ತಿನ ಬಡ್ಡಿ ಸೇರಿಸಿದ ಮೊತ್ತದ ಶೇಕಡಾ 0.25 ಮಾತ್ರ.

ತಾಯಿ ದಲಾಲನನ್ನು ಬಿಟ್ಟು ನೇರವಾಗಿ ಮಾಲೀಕರಿಗೆ ಫೋನ್ ಮಾಡಿದಳು. ಅವರು ನಿವೃತ್ತ ನೌಕರರು, ಮರಾಠಿಗರು, ಮೃದುಸ್ವಭಾವದವರು. ಷರತ್ತುಗಳನ್ನು ಒಂದೊಂದಾಗಿ ಹೇಳುತ್ತಾ ಹೋದಂತೆ ಒಂದು ಸಂಗತಿ ಹೊರಬಿತ್ತು: ಪತ್ರವನ್ನು ಅವರೂ ಓದಿರಲಿಲ್ಲ! ದಲಾಲನ ಬಳಿಯಿದ್ದ ಸಿದ್ಧ ನಮೂನೆಗೆ ಹೆಸರು, ಅಂಕಿಗಳನ್ನು ತುಂಬಿಸಿದ್ದರು ಅಷ್ಟೆ. ತನ್ನ ಹೆಸರಿನಲ್ಲಿ ಬರೆದ ಕಠಿಣ ಮಾತುಗಳನ್ನು ಇನ್ನೊಬ್ಬರ ಬಾಯಿಂದ ಕೇಳುವಾಗ ಅವರಿಗೆ ಸಂಕೋಚವಾಗಿರಬೇಕು. ಪರೀಕ್ಷೆಯ ಮಾತು ಬಂದಾಗ ಕೂಡಲೇ ಒಪ್ಪಿದರು ಎನ್ನುವಂತಿಲ್ಲ. ಪುಣೆಯಲ್ಲಿರುವ ಮಗ ಹಿಂದಿರುಗಿದರೆ ಮನೆ ಬೇಕಾದೀತು ಎಂದು ಒಂದು ದಿನ ಯೋಚಿಸಿದರು. ಮಾರ್ಚ್ 31ಕ್ಕೆ ಮೊದಲು ಮುಗಿಯುವ ಯಾವ ನೋಟೀಸನ್ನೂ ಕೊಡುವುದಿಲ್ಲ ಎಂಬ ಸಾಲು ಕೊನೆಗೆ ಸೇರಿತು. ಸಹಜ ಸವೆತದ ಮಾತು ಸೇರಿತು. ಅನಾಮತ್ತು ಕೀಲಿ ಕೊಟ್ಟ 15 ದಿನದೊಳಗೆ ಎಂದಾಯಿತು. ಹೊಲಿಗೆ ಯಂತ್ರಕ್ಕೆ ನಕ್ಕುಬಿಟ್ಟರು. ಬಣ್ಣದ ಖರ್ಚನ್ನು ಮಾತ್ರ ಬಿಡಲಿಲ್ಲ, 4,000ಕ್ಕೆ ಮಿತಿ ಹಾಕಿದರು. ಆರು ತಿಂಗಳ ಕಟ್ಟು ಇದ್ದಂತೆಯೇ ಉಳಿಯಿತು. ತಾಯಿಗೆ ಅದು ಸರಿಕಾಣಲಿಲ್ಲ. ಆದರೆ ಈಗ ಅದು ತಿಳಿದೂ ಒಪ್ಪಿದ ನಷ್ಟ.

ಕೊನೆಯ ವಾಕ್ಯದ ತಕರಾರು ಮಗಳದು. ‘ಓದಿ ತೋರಿಸಲಾಗಿದೆ’ ಎಂದರೆ ಸಾಲದು, ಯಾವ ಭಾಷೆಯಲ್ಲಿ ಎಂದು ಬರೆಯಬೇಕೆಂದು ಅವಳು ಹಟ ಹಿಡಿದಳು. ಇಡೀ ಕರಾರನ್ನೇ ಕನ್ನಡದಲ್ಲಿ ಬರೆಯಬಾರದೇ ಎಂದೂ ಕೇಳಿದಳು. ಮಕ್ಕಳ ಪ್ರಶ್ನೆಯೆಂದು ತಳ್ಳಿಹಾಕುವಂಥದಲ್ಲ ಅದು. ನೋಂದಣಿ ಕಾಯ್ದೆಯ 19ನೆಯ ಕಲಮಿನಂತೆ, ಅಧಿಕಾರಿಗೆ ತಿಳಿಯದ ಮತ್ತು ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯ ಪತ್ರವನ್ನಷ್ಟೇ ನಿರಾಕರಿಸಬೇಕು. ಅದಕ್ಕೂ ಯಥಾರ್ಥ ಅನುವಾದ ಮತ್ತು ನಕಲು ಲಗತ್ತಿಸಿದರೆ ದಾರಿಯಿದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳನ್ನು ಒಳಗೊಂಡ ಜಿಲ್ಲೆಯಲ್ಲಿ ಕನ್ನಡ ಸಾಮಾನ್ಯ ಬಳಕೆಯ ಭಾಷೆಯಲ್ಲ ಎಂದು ಯಾರು ಹೇಳಿಯಾರು? ಕಾಯ್ದೆಯ ಮಾತು ಒಂದು, ಮೇಜಿನ ಮುಂದಿನ ರೂಢಿ ಇನ್ನೊಂದು. ಭಾನುವಾರಕ್ಕೆ ಟೆಂಪೋ ಗೊತ್ತುಮಾಡಿಯಾಗಿದ್ದ ಆ ಮನೆಯವರಿಗೆ ಅದನ್ನು ಪರೀಕ್ಷಿಸುವ ಪುರುಸೊತ್ತು ಇರಲಿಲ್ಲ. ವಾಕ್ಯದಲ್ಲಿ ‘ಪರವಾನಿಗೆದಾರಳಿಗೆ ಕನ್ನಡದಲ್ಲಿ’ ಎಂಬ ಎರಡು ಶಬ್ದಗಳನ್ನು ಸೇರಿಸಿದರು. ಗಣಕಯಂತ್ರದ ಮುಂದೆ ಕುಳಿತಿದ್ದ ಹುಡುಗ ತಲೆಯೆತ್ತಿ, ಕನ್ನಡದಲ್ಲಿ ಯಾರು ಓದಿ ಹೇಳಿದರು ಎಂದು ಕೇಳಿದ. ತಾಯಿ ಮಗಳತ್ತ ಕೈ ತೋರಿಸಿದಳು. ಅವನು ಟೈಪ್ ಮಾಡಿದ.

ಮಗಳು ಆರೂ ಪುಟಗಳ ಕನ್ನಡವನ್ನು ಶಾಲೆಯ ಉದ್ದ ನೋಟುಬುಕ್ಕಿನಲ್ಲಿ ಬರೆದು ಮುಗಿಸಿದ್ದಳು. ನೋಂದಣಿಯಾದ ಪ್ರತಿಯೊಂದಿಗೆ ಅದೂ ಟ್ರಂಕಿನ ತಳ ಸೇರಿತು. ಭಾನುವಾರ ತಂದೆ ಬಂದ ಮೇಲೆ ಸಾಮಾನು ಸಾಗಿತು. ಗಂಟುಗಳನ್ನು ಬಿಚ್ಚುವ ಮೊದಲೇ ಮಗ ಕೋಣೆಕೋಣೆ ಸುತ್ತಿ ಬಂದು, ಬಚ್ಚಲಿನ ಬಾಗಿಲ ಕೆಳಗೆ ಒಂದು ಬಿರುಕು, ಅಡುಗೆಮನೆಯ ನಲ್ಲಿಯಲ್ಲಿ ತೊಟ್ಟಿಕ್ಕುವ ನೀರು ಎಂದು ವರದಿ ಒಪ್ಪಿಸಿದ. ತಾಯಿ ಎರಡರ ಫೋಟೋವನ್ನೂ ತೆಗೆಸಿ ಮಾಲೀಕರಿಗೆ ಕಳುಹಿಸಿ, ಆಮೇಲೆ ಒಲೆ ಹೊತ್ತಿಸಿದಳು.